ಎಲ್ಲರೂ ಹೈನ್ರಿಷ್‌ಗಳೇ

ಪೂರ್ವ ಜರ್ಮನಿಯ ವೈಡಾ ಪುಟ್ಟ ಊರು. ಅದರ ನೆತ್ತಿಯ ಮೇಲೆ ಓಸ್ಟರ್‌ಬುರ್ಗ್ ಕೋಟೆ. ಕೋಟೆಯ ಗೋಪುರ 54 ಮೀಟರ್ ಎತ್ತರ, ಮೇಲೊಂದು ಕೆಳಗೊಂದು ಎರಡು ಸಾಲು ತೆನೆ. ಕತ್ತೆತ್ತಿ ನೋಡುತ್ತ ನಿಂತೆ, ಟೋಪಿ ಹಿಂದಕ್ಕೆ ಬಿತ್ತು. 12ನೆಯ ಶತಮಾನದಲ್ಲಿ ಇದನ್ನು ಕಟ್ಟಿದವರು ಫೋಗ್ಟರು, ಅಂದರೆ ಚಕ್ರವರ್ತಿಯ ಪರವಾಗಿ ಸೀಮೆ ಆಳುತ್ತಿದ್ದ ಅಧಿಕಾರಿಗಳು. ಈ ಸೀಮೆಗೆ ಫೋಗ್ಟ್‌ಲಾಂಡ್ ಎಂಬ ಹೆಸರು ಬಂದದ್ದೂ ಅವರಿಂದಲೇ.

ಆ ಮನೆತನದ ಗಂಡುಮಕ್ಕಳೆಲ್ಲ ಹೈನ್ರಿಷ್! ಚಕ್ರವರ್ತಿ ಆರನೆಯ ಹೈನ್ರಿಷ್‌ನ ಗೌರವಾರ್ಥ ಆ ಹೆಸರು ಹಿಡಿದರಂತೆ. ಅಪ್ಪ ಹೈನ್ರಿಷ್, ಅಣ್ಣ ಹೈನ್ರಿಷ್, ತಮ್ಮ ಹೈನ್ರಿಷ್. ತಾಯಿ ಊಟಕ್ಕೆ ಕೂಗಿದರೆ ಎಷ್ಟು ಜನ ಓಡಿ ಬರುತ್ತಿದ್ದರೋ!

ಹತ್ತಿರದ ಮಿಲ್ಡೆನ್‌ಫುರ್ತ್ ಮಠವನ್ನು 1193ರಲ್ಲಿ ಸ್ಥಾಪಿಸಿದವನು 'ಶ್ರೀಮಂತ' ಎಂಬ ಬಿರುದಿನ ಹೈನ್ರಿಷ್. 16ನೆಯ ಶತಮಾನದಲ್ಲಿ ಮಠದ ಚರ್ಚನ್ನೇ ಅರಮನೆ ಮಾಡಿದರು. ಸಮೀಪದಲ್ಲೇ ಕ್ರೋನ್‌ಷ್ವಿಟ್ಸ್ ಕನ್ಯಾಮಠದ ಅವಶೇಷಗಳು. ಅದು ಯುಟಾ ಎಂಬಾಕೆ 1238ರಲ್ಲಿ ಕಟ್ಟಿಸಿದ್ದು. ಗಂಡ, ಗೇರಾದ ಫೋಗ್ಟ್ ಹೈನ್ರಿಷ್, ಸಂಸಾರ ಬಿಟ್ಟು ಟ್ಯೂಟಾನಿಕ್ ಯೋಧಸಂನ್ಯಾಸಿಗಳ ಪಂಥ ಸೇರಿದ. ಇವಳು ಇಲ್ಲಿ ಮಠದ ಹಿರಿಯಳಾದಳು. ಅಷ್ಟೊಂದು ಹೈನ್ರಿಷ್‌ಗಳ ನಡುವೆ ನನಗೆ ಮರೆಯಲಾಗದವಳು ಈ ಯುಟಾ.

ಎಲ್ಸ್ಟರ್ ನದಿಯ ಗುಂಟ ತೆಂಕಣಕ್ಕೆ ಹೋದರೆ ಗ್ರೈಟ್ಸ್. ಬಂಡೆಯ ಮೇಲೊಂದು ಅರಮನೆ, ಕೆಳಗೆ ಊರೊಳಗೆ ಇನ್ನೊಂದು. ಫೋಗ್ಟರ ಕವಲಾದ ರಾಯ್ಸ್ ರಾಜರು ಎರಡು ಶಾಖೆಗಳಾಗಿ 1918ರವರೆಗೆ ಇಲ್ಲಿಂದಲೂ ಗೇರಾದಿಂದಲೂ ಆಳಿದರು. ಹೆಸರು ಬದಲಾಗದ್ದರಿಂದ ಸಂಖ್ಯೆಯೇ ಗತಿ. ಸಾಮಾನ್ಯವಾಗಿ ಪಟ್ಟವೇರಿದವನಿಗೆ ಮಾತ್ರ ಸಂಖ್ಯೆ. ಇಲ್ಲಿ ಹುಟ್ಟಿದ ಪ್ರತಿ ಗಂಡುಕೂಸಿಗೂ! ಗ್ರೈಟ್ಸ್‌ನ ಹಿರಿಯ ಶಾಖೆಯವರು ನೂರರವರೆಗೆ ಎಣಿಸಿ ಮತ್ತೆ ಒಂದಕ್ಕೆ ಮರಳಬೇಕೆಂದುಕೊಂಡರು. ಗೇರಾದ ಕಿರಿಯ ಶಾಖೆಯವರದು ಇನ್ನೂ ಸೊಗಸು: ಶತಮಾನ ಬದಲಾದರೆ ಎಣಿಕೆಯೂ ಹೊಸದು. ಹಾಗಾಗಿ ಗೇರಾದಲ್ಲಿ ಆಳಿದ 67ನೆಯ ಹೈನ್ರಿಷ್‌ನ ಮಗ 14ನೆಯ ಹೈನ್ರಿಷ್, ಅವನ ಮಗ 27ನೆಯ ಹೈನ್ರಿಷ್. ವಂಶವೃಕ್ಷ ಬಿಡಿಸಹೊರಟವನಿಗೆ ತಲೆ ಗಿರ್ರೆನ್ನದೆ ಇರದು. ನಾನಂತೂ ಪೆನ್ನು ಮುಚ್ಚಿಟ್ಟೆ.

ಹಿರಿಯ ಶಾಖೆ ನೂರು ಮುಟ್ಟಲೇ ಇಲ್ಲ. ಬಾಲ್ಯದ ಅಪಘಾತದಿಂದ ರಾಜ್ಯವಾಳಲು ಅಶಕ್ತನಾಗಿದ್ದ 24ನೆಯ ಹೈನ್ರಿಷ್ 1927ರಲ್ಲಿ ತೀರಿಕೊಂಡ, ಮಕ್ಕಳಿರಲಿಲ್ಲ. ಕಿರಿಯರ ಕಡೆ ಮಾತ್ರ ಸಿಂಹಾಸನ ಹೋದರೂ ಲೆಕ್ಕ ನಿಲ್ಲಲಿಲ್ಲ. 20ನೆಯ ಶತಮಾನದಲ್ಲೂ ಒಂದನೆಯ ಹೈನ್ರಿಷ್‌ನಿಂದ ಹೊಸ ಎಣಿಕೆ ಶುರುವಾಯಿತು.