ಆಯಾಳ ಐವತ್ಮೂರು ಮಣಿ

ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ‘ಮನೆಯಲ್ಲಿ ಯಾರ್‍ಯಾರು ಇದ್ದೀರಪ್ಪ?’ ಎಂದು ಕೇಳಿದಾಗ ನಾನು ‘ಅಪ್ಪ, ಅಮ್ಮ, ತಮ್ಮ, ಆಯಾ’ ಎಂದೆ. ಮೇಷ್ಟ್ರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಹುಬ್ಬೇರಿಸಿದರು. ಮಾರ್ಟಳ್ಳಿಯಂಥ ಊರು, ಕಾಲಲ್ಲಿ ಚಪ್ಪಲಿಯಿಲ್ಲದ ಹುಡುಗ, ಅವನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾ! ‘ಸಂಬಳ ಎಷ್ಟು ಕೊಡ್ತೀರೋ?’ ಅಂದರು. ‘ಅವಳೇ ನಮಗೆ ದುಡ್ಡು ಕೊಡ್ತಾಳೆ ಸಾರ್’ ಎಂದೆ. ನಮ್ಮ ಮನೆಮಾತಿನಲ್ಲಿ ಆಯಾ ಎಂದರೆ ಅಜ್ಜಿ ಎಂದು ಅವರಿಗೆ ಯಾರೋ ಹೇಳುವ ಹೊತ್ತಿಗೆ, ನಾವು ಸ್ಥಿತಿವಂತರೆಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಹಬ್ಬಿಯಾಗಿತ್ತು.

ನಮ್ಮೂರೇ ಹಾಗೆ. ಮನೆಯೊಳಗೆ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಯಾವುದು ಅಗ್ಗವೋ ಅದು. ಹನೂರು, ರಾಮಾಪುರ, ಕೌದಳ್ಳಿ ಎಂದು ಏದುಸಿರು ಬಿಡುತ್ತಾ ಬರುವ ಬಸ್ಸಿನಲ್ಲಿ ಕಂಡಕ್ಟರ್ ಕನ್ನಡದಲ್ಲಿ ಟಿಕೆಟ್ ಕೇಳುತ್ತಾನೆ, ನಮ್ಮ ಹೆಂಗಸರು ತಮಿಳಿನಲ್ಲಿ ಚಿಲ್ಲರೆ ಕೇಳುತ್ತಾರೆ, ಜಗಳ ಮಾತ್ರ ಎರಡೂ ಭಾಷೆಯಲ್ಲಿ ನಡೆಯುತ್ತದೆ. ಸುತ್ತ ಮಾದಪ್ಪನ ಬೆಟ್ಟಗಳು, ನಡುವೆ ರಾಗಿ, ಜೋಳ, ಹುರುಳಿಯ ಹೊಲ, ಹೊಲದ ನಡುವೆ ಶಿಲುಬೆ ಹೊತ್ತ ಕೋಯಿಲ್. ಚರ್ಚನ್ನು ನಾವು ಕೋಯಿಲ್ ಅಂತಲೇ ಕರೆಯುವುದು. ಪಾದ್ರಿಗಳು ಸಾಮಿ. ದೇವರು ಸರ್ವೇಸುರನ್, ಯೇಸು ಸೇಸು, ಮರಿಯಮ್ಮ ಮಾದಾ, ಅವಳ ಗಂಡ ಜೋಸೆಫ್ ಸೂಸೈಯಪ್ಪರ್. ಸಂತ ತೋಮಸರಂತೂ ನಮ್ಮ ತಾಲ್ಲೂಕಿನಲ್ಲಿ ತೋಮಿಯರ್‌ಪಾಳ್ಯವಾಗಿ ಬಸ್ಸಿನ ಬೋರ್ಡಿನ ಮೇಲೆಯೇ ಕೂತುಬಿಟ್ಟಿದ್ದಾರೆ.

ಆಯಾ ಹುಟ್ಟಿದಾಗ ಇದು ಮದರಾಸು ಸೀಮೆ, ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ತಾಲ್ಲೂಕು ಇಡಿಯಾಗಿ ಮೈಸೂರಿಗೆ ಬಂತು. 1973ರಲ್ಲಿ ಆ ಮೈಸೂರೇ ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಚಾಮರಾಜನಗರವಾಯಿತು, ಆಮೇಲೆ ತಾಲ್ಲೂಕೂ ಬದಲಾಗಿ ಹನೂರಾಯಿತು. ಮೂರು ಜಿಲ್ಲೆ ಕಂಡ ಆಯಾ ತನ್ನ ಜಗುಲಿಯಿಂದ ಅಲ್ಲಾಡಿದವಳಲ್ಲ. ರೇಷನ್ ಕಾರ್ಡಿನವರು ಬಂದಾಗಲೆಲ್ಲ ‘ಈಗ ನಾವು ಎಲ್ಲಿದ್ದೀವಿ?’ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದಳು, ಅಷ್ಟೆ.

ಆಯಾಳ ಜಪಮಾಲೆ ವೇಳಾಂಗಣ್ಣಿಯಿಂದ ತಂದದ್ದು. ಕರಿಮರದ ಮಣಿ, ತಂತಿಯ ಕೊಂಡಿ, ತುದಿಯಲ್ಲಿ ಸವೆದು ಮುಖವೇ ಕಾಣದ ಪುಟ್ಟ ಸೇಸು. ಸಂಜೆ ಕೋಯಿಲಿನ ಗಂಟೆ ಹೊಡೆದ ಮೇಲೆ, ದನಕ್ಕೆ ನೀರು ತೋರಿಸಿ, ಒಲೆಯ ಮೇಲೆ ಕಳಿಗೆ, ಅಂದರೆ ಮುದ್ದೆಗೆ, ನೀರಿಟ್ಟು, ಗೋಡೆಗೆ ಒರಗಿ ಕೂರುವಳು. ನಾವೆಲ್ಲ ಮಂಡಿಯೂರಬೇಕು, ಅವಳಿಗೆ ಮಾತ್ರ ಕಾಲುನೋವಿನ ರಿಯಾಯಿತಿ. ಜಪಮಾಲೆಯಲ್ಲಿ ಹತ್ತು ಮಣಿಯ ಐದು ಕಟ್ಟು, ಮೊದಲಿಗೆ ಮೂರು. ಒಟ್ಟು 53 ಸಲ ಮಾದಾಗೆ ವಂದನೆ. ಕಳಿಯ ನೀರು ಕುದಿಯುವುದಕ್ಕೂ ನಾಲ್ಕನೇ ಕಟ್ಟು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಐದನೆಯದನ್ನು ಅವಳು ಹಿಟ್ಟಿನ ಕೋಲು ತಿರುವುತ್ತಲೇ ಮುಗಿಸುತ್ತಿದ್ದಳು. ನಮ್ಮ ಮನೆಯ ಮುದ್ದೆಯಲ್ಲಿ ಗಂಟಿರುತ್ತಿರಲಿಲ್ಲ, ಪ್ರಾರ್ಥನೆಯಲ್ಲಿ ಇದ್ದೀತು.

ಬಹಳ ವರ್ಷ ಕಳೆದ ಮೇಲೆ ನನಗೆ ಗೊತ್ತಾದದ್ದು, ಆಯಾ ಎಣಿಸುತ್ತಿದ್ದುದು ವಂದನೆಗಳನ್ನಲ್ಲ ಎಂದು. ಒಂದೊಂದು ಮಣಿಗೂ ಒಬ್ಬೊಬ್ಬರಿದ್ದರು. ಮೊದಲ ಮೂರು ಸತ್ತವರಿಗೆ: ಅವಳ ಅಪ್ಪ, ಅಮ್ಮ, ಹೆಸರಿಡುವ ಮುಂಚೆಯೇ ಹೋದ ಒಂದು ಕೂಸು. ಆಮೇಲೆ ಮಕ್ಕಳು, ಸೊಸೆಯರು, ಅಳಿಯಂದಿರು, ಮೊಮ್ಮಕ್ಕಳು. ನಾನು ನಾಲ್ಕನೇ ಕಟ್ಟಿನ ಎರಡನೇ ಮಣಿ. ನನ್ನ ಹಿಂದೆ ಕೊಡಗಿನ ಕಾಫಿ ತೋಟಕ್ಕೆ ದುಡಿಯಲು ಹೋದ ಚಿಕ್ಕಪ್ಪ, ಮುಂದೆ ಮಠಕ್ಕೆ ಸೇರಿ ಕನ್ಯಾಸ್ತ್ರೀಯಾದ ಅತ್ತೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳಲ್ಲಿ ಅವಳ ಬೆರಳು ನನ್ನ ಮಣಿಯ ಮೇಲೆ ಕೊಂಚ ಜಾಸ್ತಿ ಹೊತ್ತು ನಿಲ್ಲುತ್ತಿತ್ತಂತೆ. ಗಣಿತದಲ್ಲಿ ನನಗೆ ಬಂದ 41ಕ್ಕೆ ಬೇರೆ ವಿವರಣೆ ನನ್ನ ಬಳಿ ಇಲ್ಲ. ತಂಗಿಯೊಬ್ಬಳು ಬೆಂಗಳೂರಿನಲ್ಲಿ ಜ್ಞಾನಸ್ನಾನವಾಗದ ಹುಡುಗನನ್ನು ಮದುವೆಯಾದಾಗ ಮನೆಯಲ್ಲಿ ತಿಂಗಳುಗಟ್ಟಲೆ ಮೌನ. ಆಯಾ ಒಂದು ಸಂಜೆ, ಇದ್ದಕ್ಕಿದ್ದಂತೆ, ‘ಅವನಿಗೆ ಐದನೇ ಕಟ್ಟಲ್ಲಿ ಜಾಗ ಕೊಟ್ಟಿದ್ದೀನಿ’ ಎಂದಳು. ಆಮೇಲೆ ಯಾರೂ ಮಾತೆತ್ತಲಿಲ್ಲ.

ಜಾಗದ ಸಮಸ್ಯೆ ಬರದೆ ಇರಲಿಲ್ಲ. ಮನೆ ಬೆಳೆಯುತ್ತದೆ, ಮಣಿ ಬೆಳೆಯುವುದಿಲ್ಲ. ಅವಳಿಜವಳಿ ಮರಿಮಕ್ಕಳು ಹುಟ್ಟಿದಾಗ ಇಬ್ಬರಿಗೂ ಸೇರಿಸಿ ಒಂದೇ ಮಣಿ ಕೊಟ್ಟಳು. ‘ಹೊಟ್ಟೇಲಿ ಅಡ್ಜಸ್ಟ್ ಮಾಡ್ಕೊಂಡಿದ್ವಲ್ಲ’ ಎಂಬುದು ಅವಳ ವಾದ.

ಒಂದು ಮಣಿ ಮಾತ್ರ ಬೇರೆ ಥರ ಇತ್ತು. ಯಾವ ಕಾಲದಲ್ಲೋ ಆಡಿನ ಮರಿಯೊಂದು ಮೊಳೆಗೆ ತೂಗುಹಾಕಿದ್ದ ಜಪಮಾಲೆಯನ್ನು ಎಳೆದು ಜಗಿದು ಮೂರನೇ ಕಟ್ಟಿನ ಏಳನೇ ಮಣಿಯನ್ನು ಕೊಟ್ಟಿಗೆಯ ಗೊಬ್ಬರಕ್ಕೆ ಸೇರಿಸಿತ್ತು. ಆ ಸಲ ಶಿವರಾತ್ರಿಗೆ ತಾತ ಯಾರದೋ ಗಾಡಿಯಲ್ಲಿ ಮಾದಪ್ಪನ ಜಾತ್ರೆಗೆ ದನ ನೋಡಲು ಹೋದವನು, ಬರುವಾಗ ಒಂದು ರುದ್ರಾಕ್ಷಿ ತಂದು, ಇಕ್ಕಳದಲ್ಲಿ ತಂತಿ ಬಗ್ಗಿಸಿ ಆ ಜಾಗಕ್ಕೆ ಕೂರಿಸಿಬಿಟ್ಟ. ‘ಮರ ಮರವೇ’ ಅಂದನಂತೆ. ಹೊಸ ಸಾಮಿಗಳು ಬಂದಾಗಲೆಲ್ಲ ಜಪಮಾಲೆಯನ್ನು ಮಂತ್ರಿಸಿ ಕೊಡಿ ಎಂದು ಆಯಾ ಮುಂದೆ ಹಿಡಿಯುವಳು, ರುದ್ರಾಕ್ಷಿಯ ಮೇಲೆ ಹೆಬ್ಬೆರಳು ಅದುಮಿಕೊಂಡು. ಹೀಗೆ ಎಷ್ಟೋ ಜನ ಗುರುಗಳ ಆಶೀರ್ವಾದ ಪಡೆದ ರುದ್ರಾಕ್ಷಿ ಅದು.

ಆ ಮಣಿ ಯಾರದು? ಕೇಳಿದ್ದಕ್ಕೆ ಆಯಾ ಹಿಂದೆಮುಂದೆ ನೋಡದೆ ‘ಅವಳದು’ ಎಂದಳು. ಅವಳು ಎಂದರೆ ತಾತನ ತಂಗಿ, ನಮಗೆ ಅತ್ತೆಪಾಟ್ಟಿ. ಎರಡು ಬೀದಿ ಆಚೆ ಮನೆ. ಅಪ್ಪನ ‘ಪುದುನನ್ಮೈ’, ಅಂದರೆ ಮೊದಲ ಸಲ ದಿವ್ಯಪ್ರಸಾದ ತೆಗೆದುಕೊಂಡ ದಿನದ ಊಟಕ್ಕೆ ಅತ್ತೆಪಾಟ್ಟಿ ಹಿತ್ತಾಳೆಯ ಅಂಡಾ ಕೊಟ್ಟಿದ್ದಳಂತೆ. ಹಿಂತಿರುಗಿಸುವಾಗ ಅದರ ಪಕ್ಕೆ ನೆಗ್ಗಿತ್ತೆಂದು ಅವಳು, ಬರುವಾಗಲೇ ನೆಗ್ಗಿತ್ತೆಂದು ಇವಳು. ಮೂವತ್ತು ವರ್ಷ ಮಾತಿಲ್ಲ. ಕೋಯಿಲಿನಲ್ಲಿ ಪೂಜೆಯ ನಡುವೆ ಪಕ್ಕದವರಿಗೆ ಸಮಾಧಾನ ಹೇಳುವ ಘಳಿಗೆ ಬಂದರೆ ಇಬ್ಬರೂ ಎದುರುಬದುರು ಕಂಬ ನೋಡುವರು. ‘ಅವಳಿಗೆ ಆ ಮಣಿಯೇ ಸರಿ, ಹಿಡಿದರೆ ಕುತ್ತುತ್ತೆ’ ಎಂದು ಆಯಾ ಹೆಬ್ಬೆರಳು ತೋರಿಸಿದಳು.

ಅವಳ ಭಕ್ತಿಯನ್ನು ಪುಸ್ತಕದ ಪ್ರಕಾರ ಅಳೆಯಲು ಹೋದವರು ಸೋತರು. ಅವಳು ಚಿಕ್ಕವಳಿದ್ದಾಗ ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಒಂದಕ್ಷರ ಅರ್ಥವಾಗದೆ ಎಲ್ಲ ಉತ್ತರಗಳೂ ಬಾಯಿಪಾಠ. ಅರವತ್ತರ ದಶಕದ ವ್ಯಾಟಿಕನ್ ಮಹಾಸಭೆಯ ನಂತರ ಜನರ ಭಾಷೆ ಬಂದಾಗ ಅವಳಿಗೆ ಒಂಥರಾ ನಿರಾಸೆ. ‘ಇಷ್ಟೇನಾ ನಾವು ಇಲ್ಲಿಯವರೆಗೆ ಹೇಳ್ತಿದ್ದದ್ದು?’ ಅಂದಳಂತೆ. 2002ರ ಅಕ್ಟೋಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜಪಮಾಲೆಯ ಜೊತೆ ದಿನಕ್ಕೊಂದು ಬಗೆಯಂತೆ ಧ್ಯಾನಿಸುವ ಸೇಸು, ಮಾದಾರ ಬದುಕಿನ ಘಟನೆಗಳಿಗೆ, ಅಂದರೆ ರಹಸ್ಯಗಳಿಗೆ, ಬೆಳಕಿನ ರಹಸ್ಯಗಳನ್ನು ಸೇರಿಸಿ ಗುರುವಾರಕ್ಕೆ ಇಟ್ಟರು. ಅದುವರೆಗೆ ಸೋಮವಾರ, ಗುರುವಾರ ಸಂತೋಷದ ರಹಸ್ಯಗಳ ದಿನ. ಸುದ್ದಿ ಮಾರ್ಟಳ್ಳಿ ಮುಟ್ಟಿದಾಗ ಆಯಾ ಕೆರಳಿದಳು. ‘ವಾರಕ್ಕೆ ಎರಡು ದಿನ ಸಂತೋಷ ಇತ್ತು. ಅದರಲ್ಲೂ ಒಂದು ಕಿತ್ತುಕೊಂಡರಾ?’ ಬದಲಿಗೆ ಶನಿವಾರ ಕೊಟ್ಟಿದ್ದಾರೆ ಎಂದು ಉಪದೇಶಿಯವರು ಸಮಾಧಾನ ಮಾಡಿದರು. ‘ಶನಿವಾರ ಮನೆಯೆಲ್ಲ ಸಗಣಿ ಸಾರಿಸೋ ದಿನ. ಸಂತೋಷಕ್ಕೆ ಹೊತ್ತೆಲ್ಲಿದೆ?’ ಎಂದಳು. ರೋಮಿನ ಅಪ್ಪಣೆ ನಮ್ಮ ಜಗುಲಿ ಹತ್ತಲಿಲ್ಲ. ಕೊನೆಯವರೆಗೂ ಅವಳ ಗುರುವಾರ ಹಳೆಯ ಗುರುವಾರವೇ.

ನಗುವ ಸಂಗತಿಗಳೇ ಎಲ್ಲವೂ ಅಲ್ಲ. ನನ್ನ ಬಾಲ್ಯ ಎಂದರೆ ವೀರಪ್ಪನ್ ಕಾಲ. ಕಾಡಿಗೆ ಸೌದೆಗೆ ಹೋದರೆ ಒಂದು ಕಡೆಯವರ ಭಯ, ಹಿಂದಿರುಗಿದರೆ ಇನ್ನೊಂದು ಕಡೆಯವರ ಪ್ರಶ್ನೆ. ಅಕ್ಕಿ ಮೂಟೆ ಕೊಂಡರೆ ಯಾರಿಗೆ ಇಷ್ಟು ಅಕ್ಕಿ ಎಂದು ಲೆಕ್ಕ ಕೊಡಬೇಕು. 1993ರ ಏಪ್ರಿಲ್ 9 ಶುಭಶುಕ್ರವಾರ. ಆ ದಿನ ಕೋಯಿಲಿನಲ್ಲಿ ಗಂಟೆ ಹೊಡೆಯುವುದಿಲ್ಲ, ಮರದ ಗಿಲಕಿಯದೇ ಸದ್ದು. ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಬರಿಹೊಟ್ಟೆಯಲ್ಲಿ ಮನೆಗೆ ಬಂದರೆ ಪಾಲಾರ್ ಸುದ್ದಿ. ಬೆಟ್ಟದಾಚೆ ನೆಲಬಾಂಬು ಸಿಡಿದು 22 ಜನ ಸತ್ತಿದ್ದರು. ಆ ಸಂಜೆಯಿಂದ ಆಯಾ ತನ್ನದೇ ಮಣಿಯನ್ನು ಬಿಟ್ಟುಕೊಟ್ಟು ‘ಕಾಡಲ್ಲಿ ಇರೋವರಿಗೆ’ ಎಂದು ಬರೆಸಿಕೊಂಡವಳಂತೆ ಹೇಳತೊಡಗಿದಳು. ಪೊಲೀಸರಿಗಾ, ಅವನ ಕಡೆಯವರಿಗಾ ಎಂದು ಅಪ್ಪ ತಗ್ಗಿದ ದನಿಯಲ್ಲಿ ಕೇಳಿದ. ಅಂಥ ಮಾತಿಗೆ ಗೋಡೆಗೂ ಕಿವಿ ಇದ್ದ ಕಾಲ. ‘ಕಾಡಲ್ಲಿ ಕತ್ತಲೆ ಎಲ್ಲರಿಗೂ ಒಂದೇ’ ಎಂದು ಹೇಳಿ ಮುಂದಿನ ಮಣಿಗೆ ಹೋದಳು.

2018ರ ಡಿಸೆಂಬರ್ 14. ಪಕ್ಕದ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆತು ಜನ ಬಿದ್ದರು. ಕಾಮಗೆರೆ ಆಸ್ಪತ್ರೆ, ಮೈಸೂರು ಆಸ್ಪತ್ರೆ ಎಂದು ಆಂಬುಲೆನ್ಸುಗಳು ಓಡಿದವು. 17 ಜನ ಉಳಿಯಲಿಲ್ಲ. ಬೆಂಗಳೂರಿನಿಂದ ನಾನು ಫೋನು ಮಾಡಿದಾಗ ಆಯಾ ಮಾಮೂಲಿನ ‘ಸಾಪ್ಟಿಯಾ ಕಣ್ಣು?’ ಕೇಳಲಿಲ್ಲ. ಊಟದ ಮಾತೇ ಬೇಡವಾಗಿತ್ತೇನೋ. ಅವತ್ತು ಮನೆಯವರನ್ನೆಲ್ಲ ಪಕ್ಕಕ್ಕಿಟ್ಟು 53 ಮಣಿಯನ್ನೂ ಅವರಿಗೇ ಎಣಿಸಿದಳೆಂದು ಅಮ್ಮ ಹೇಳಿದಳು. ಹೆಸರು ಗೊತ್ತಿಲ್ಲದ್ದರಿಂದ ‘ಆ ತಾಯಿ’, ‘ಆ ಮಗು’, ‘ಆ ಯಜಮಾನ’. ಎಣಿಸಿ ಮುಗಿಸಿ ಒಂದೇ ಮಾತು ಅಂದಳಂತೆ: ‘ಪ್ರಸಾದ ಅಂತ ನಂಬಿ ಕೈಯೊಡ್ಡಿದೋರು. ನಾವೂ ಕೋಯಿಲಲ್ಲಿ ಹಾಗೇ ಅಲ್ವಾ ನಾಲಿಗೆ ಚಾಚೋದು.’

ಮಾರನೇ ವರ್ಷ ಆಯಾ ಹೋದಳು. ಕಾಯಿಲೆಯೆಂದು ಏನೂ ಇಲ್ಲ, ಗುರುವಾರ ಬೇರೆ. ಜಪಮಾಲೆಯನ್ನು ಕೈಗೆ ಸುತ್ತಿ ಮಣ್ಣು ಮಾಡುವುದು ನಮ್ಮಲ್ಲಿ ವಾಡಿಕೆ. ಆದರೆ ಅಮ್ಮ ಅಂಗಡಿಯಿಂದ ಹೊಸದೊಂದು ಬಿಳಿ ಪ್ಲಾಸ್ಟಿಕ್ಕಿನದನ್ನು ತಂದು ಸುತ್ತಿ, ಹಳೆಯದನ್ನು ಸದ್ದಿಲ್ಲದೆ ನನ್ನ ಜೇಬಿಗೆ ಹಾಕಿದಳು. ನಾನು ಪ್ರಾರ್ಥನೆಯಲ್ಲಿ ಅಂಥ ಗಟ್ಟಿಗನಲ್ಲ. ಬೆಂಗಳೂರಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಬೆರಳಾಡಿಸುತ್ತೇನೆ. ಸಿಲ್ಕ್ ಬೋರ್ಡಿನಲ್ಲಿ ಐದೂ ಕಟ್ಟು ಆರಾಮಾಗಿ ಮುಗಿಯುತ್ತವೆ.

ನವೆಂಬರ್ 2 ನಮಗೆ ಕಲ್ಲರೈ ತಿರುನಾಳ್, ಸತ್ತವರ ಹಬ್ಬ. ಎಲ್ಲೆಲ್ಲಿ ದುಡಿಯುವವರೂ ಊರಿಗೆ ಬರುತ್ತಾರೆ. ಸಮಾಧಿಗಳಿಗೆ ಸುಣ್ಣ ಬಳಿದು, ಚೆಂಡುಹೂವಿನ ಹಾರ ಇಟ್ಟು, ಊದುಬತ್ತಿ ಮೇಣದಬತ್ತಿ ಹಚ್ಚಿ ಕಾದಿರುತ್ತೇವೆ. ಸಾಮಿಗಳು ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಾ ಬರುತ್ತಾರೆ. ಗಾಳಿಗೆ ಬತ್ತಿ ಆರುವುದು, ಪಕ್ಕದ ಸಮಾಧಿಯಿಂದ ಬೆಂಕಿ ಸಾಲ ತರುವುದು, ಮಕ್ಕಳು ಕರಗಿದ ಮೇಣವನ್ನು ಉಂಡೆ ಕಟ್ಟುವುದು, ಯಾರ ಮಗನಿಗೆ ಹೆಣ್ಣು ಸಿಕ್ಕಿತು ಎಂಬ ವಿಚಾರಣೆ. ಅಷ್ಟು ಗಲಾಟೆಯಲ್ಲಿ ಸತ್ತವರಿಗೂ ಬೇಸರವಾಗಲಾರದು.

ಹೋದ ಸಲ ನಾನು ಆಯಾಳ ಸಮಾಧಿಯ ಪಕ್ಕ ಕೂತಿದ್ದಾಗ ಅತ್ತೆಪಾಟ್ಟಿ ಮೊಮ್ಮಗಳ ಹೆಗಲು ಹಿಡಿದು ಬಂದಳು. ಎಂಬತ್ತು ದಾಟಿದೆ, ಕಣ್ಣು ಮಂಜು. ಮೊದಲು ಅಣ್ಣನ ಸಮಾಧಿಗೆ ಹೂವಿಟ್ಟಳು. ಆಮೇಲೆ ನಿಂತು ನಿಂತು, ಆಯಾಳ ಸಮಾಧಿಯ ಅಂಚಿಗೂ ಒಂದು ಬತ್ತಿ ಅಂಟಿಸಿದಳು. ನನ್ನ ಕೈಯಲ್ಲಿದ್ದ ಜಪಮಾಲೆ ತಡವಿ ‘ಅವಳದಾ?’ ಎಂದಳು. ಹೂಂ ಎಂದೆ. ‘ಒಬ್ಬೊಬ್ಬರಿಗೆ ಒಂದೊಂದು ಇಟ್ಟಿದ್ದಳಂತೆ. ಊರಿಗೆಲ್ಲ ಗೊತ್ತು. ನನಗೂ ಇಟ್ಟಿದ್ದಳಾ?’

ನನ್ನ ಗಂಟಲು ಒಣಗಿತು. ಮೂರನೇ ಕಟ್ಟಿನ ಏಳನೆಯದನ್ನು ಬಿಟ್ಟು ಪಕ್ಕದ ನುಣುಪಾದ ಕರಿಮಣಿಯೊಂದನ್ನು ಅವಳ ಬೆರಳಿಗೆ ಕೊಟ್ಟು, ‘ಇದು ಪಾಟ್ಟಿ, ನಿಮ್ಮದು’ ಎಂದು ಸುಳ್ಳು ಹೇಳಿದೆ. ಅವಳು ಅದನ್ನು ಮುಟ್ಟಿ, ಬಿಟ್ಟು, ತಾನಾಗಿಯೇ ಪಕ್ಕಕ್ಕೆ ಸರಿದಳು. ರುದ್ರಾಕ್ಷಿ ಸಿಕ್ಕಿತು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುಗಿಸಿದಳು, ಕಣ್ಣಿನ ಹತ್ತಿರ ತಂದಳು.

‘ಇದು ನಮ್ಮಣ್ಣ ಮಾದಪ್ಪನ ಜಾತ್ರೆಯಿಂದ ತಂದದ್ದು. ಒಟ್ಟು ಎರಡು ತಂದಿದ್ದ, ನನ್ನದು ಮನೇಲಿದೆ’ ಎಂದಳು. ‘ನನ್ನದು ಇನ್ನೂ ಮುಳ್ಳುಮುಳ್ಳಾಗಿದೆ. ಇದೇನಪ್ಪ, ಇಷ್ಟು ಸವೆದು ಹೋಗಿದೆ?’