ಕೋಡೊಲೆ

ನಮ್ಮ ಮನೆಯಲ್ಲಿ ನಾಲ್ಕು ಟಿ.ವಿ. ಇವೆಯೆಂದು ಎದುರು ಮನೆಯ ಅಜ್ಜಿ ಬಹಳ ದಿನ ನಂಬಿದ್ದರು. "ಒಂದು ಧಾರಾವಾಹಿ ನೋಡುವಷ್ಟರಲ್ಲೇ ನನಗೆ ಕಣ್ಣುರಿ ಬರುತ್ತೆ, ನಿಮಗೆ ನಾಲ್ಕು ಯಾಕಮ್ಮ?" ಎಂದು ಒಂದು ದಿನ ಕೇಳಿಯೇಬಿಟ್ಟರು. ಟಿ.ವಿ. ಒಂದೇ, ಮಿಕ್ಕ ಮೂರು ಕಂಪ್ಯೂಟರಿನ ಮಾನಿಟರುಗಳು ಎಂದೆ. ಅಜ್ಜಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ನನಗೂ ಆಗಿರಲಿಲ್ಲ.

2020ರ ಮಾರ್ಚ್‌ನಲ್ಲಿ, ಜನತಾ ಕರ್ಫ್ಯೂವಿನ ಹಿಂದಿನ ದಿನ, ಮಗ ಸೊಸೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದಿಳಿದರು. ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದುಕೊಂಡು ಎರಡು ಮಾನಿಟರುಗಳೂ ಬಂದವು. ಬಾಣಂತಿಯನ್ನು ಕರೆತರುವಷ್ಟು ಜೋಪಾನ! ಎರಡೂ ಮಗನ ಕೋಣೆ ಸೇರಿದವು. ಸೊಸೆ ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡಳು. ತಟ್ಟೆ ಹಾಕುವ ಹೊತ್ತಿಗೆ ಎತ್ತುವಳು, ಮೇಜು ಒರೆಸಿದ ಮೇಲೆ ಮತ್ತೆ ಇಡುವಳು. ನಮಗೆ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಅವಳದು ಅಂಗಡಿ, ಸಣ್ಣ ಕಾರ್ಖಾನೆಗಳ ಜಿಎಸ್‌ಟಿ ಲೆಕ್ಕ ನೋಡುವ ಕೆಲಸ. ವ್ಯಾಪಾರಿ ಕೊಟ್ಟ ಖರೀದಿ ಬಿಲ್ಲುಗಳ ಪಟ್ಟಿ ಒಂದು ಕಡೆ, ಸರ್ಕಾರದ ಜಾಲತಾಣದಲ್ಲಿರುವ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಸಾಲು ಸಾಲಾಗಿ ತಾಳೆ ನೋಡಬೇಕು.

ಆ ಡಿಸೆಂಬರಿನ ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಗಂಟೆ ಒಂದಾಗಿತ್ತು. ಸೊಸೆ ಕತ್ತು ಬಗ್ಗಿಸಿಕೊಂಡು ಪರದೆ ನೋಡುತ್ತ, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಅಂಕಿ ಬರೆದುಕೊಳ್ಳುತ್ತಿದ್ದಳು.

"ಕಂಪ್ಯೂಟರ್ ಇದ್ದೂ ಬರೆಯುವುದೇನೇ?"

"ಈ ಪುಟ ಬಿಟ್ಟು ಆ ಪುಟ ತೆರೆಯುವಷ್ಟರಲ್ಲಿ ಅಂಕಿ ಮರೆತುಹೋಗುತ್ತೆ ಅತ್ತೆ. ಸಂಜೆ ಎಲ್ಲೋ ಒಂದು ತಪ್ಪಾಗಿದೆ, ಹುಡುಕುತ್ತಾ ಇದ್ದೀನಿ."

"ಅವನ ಹತ್ತಿರ ಎರಡಿವೆಯಲ್ಲ, ಒಂದು ಕೇಳಬಾರದೆ?"

"ಬಿಡಿ ಅತ್ತೆ, ಅವರ ಕೆಲಸ ದೊಡ್ಡದು."

ಆ ಮಾತು ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಉತ್ತರಪತ್ರಿಕೆಗಳನ್ನು ತಿದ್ದಿದ್ದು ರಾತ್ರಿ ಹತ್ತರ ಮೇಲೆ, ಅಡಿಗೆಮನೆಯಲ್ಲಿ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ. ನಡುಮನೆಯ ಕಿಟಕಿ ಪಕ್ಕದ ತೇಗದ ಮೇಜು ನಮ್ಮವರದು. ಅದರ ಮೇಲೆ ಅವರ ಪೇಪರು, ಕನ್ನಡಕ, ಎಲೆಯಡಿಕೆ ತಟ್ಟೆ ಇರುತ್ತಿದ್ದವು. ಅಲ್ಲಿ ಕೂರಬೇಡವೆಂದು ಅವರು ಒಂದು ದಿನವೂ ಅಂದವರಲ್ಲ. ಅವರ ಕೆಲಸ ದೊಡ್ಡದೆಂದು ನಾನೇ ನನಗೆ ಹೇಳಿಕೊಂಡಿದ್ದೆ.

ಆ ರಾತ್ರಿ ಮತ್ತೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮಗನನ್ನು ಕೇಳಿದೆ. "ಅವಳು ಕೇಳಲೇ ಇಲ್ಲವಲ್ಲಮ್ಮ" ಎಂದ. ಕೇಳದಿದ್ದರೆ ಬೇಡವೆಂದೇ ಅರ್ಥವೇನೋ ಎಂದೆ. ಹುಡುಗ ಕೆಟ್ಟವನಲ್ಲ, ಮಾತಾಡದೆ ಒಂದು ಮಾನಿಟರು ತಂದುಕೊಟ್ಟ. ತೇಗದ ಮೇಜನ್ನು ನಾನು ಖಾಲಿ ಮಾಡಿಸಿದೆ. ನಮ್ಮವರು ಪೇಪರು ಹಿಡಿದುಕೊಂಡು ಜಗಲಿಗೆ ಹೋದರು. ಅಲ್ಲಿ ಗಾಳಿ ಚೆನ್ನಾಗಿದೆಯೆಂದು ಮೂರನೇ ದಿನ ಒಪ್ಪಿಕೊಂಡರು.

ಎಚ್‌ಡಿಎಂಐ ಎಂಬ ತಂತಿ ಸಿಕ್ಕಿಸಿದರೆ ಎರಡು ಪರದೆಯಲ್ಲೂ ಒಂದೇ ಚಿತ್ರ, ಅವಳಿ ಮಕ್ಕಳ ಹಾಗೆ! ವಿಂಡೋಸ್ ಗುರುತಿನ ಕೀಲಿಯ ಜೊತೆ 'ಪಿ' ಒತ್ತಿ, 'ಎಕ್ಸ್‌ಟೆಂಡ್' ಎಂಬುದನ್ನು ಆರಿಸಬೇಕಂತೆ. ಆಗ ಎರಡೂ ಸೇರಿ ಒಂದೇ ದೊಡ್ಡ ಅಂಗಳವಾಯಿತು. ಆದರೆ ಬಾಣದ ಗುರುತನ್ನು ಬಲಕ್ಕೆ ಓಡಿಸಿದರೆ ಎಡದ ಪರದೆಯಲ್ಲಿ ಹಾಜರು! ಎಡಬಲದ ಜೋಡಣೆ ಅದಲುಬದಲಾಗಿತ್ತು, ಸರಿಮಾಡಿದಳು. ಹೆಚ್ಚು ನೋಡುವ ಪರದೆ ಮುಖಕ್ಕೆ ನೇರ ಇರಬೇಕು, ಒಂದು ತೋಳಿನಷ್ಟು ದೂರದಲ್ಲಿ. ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿರಬೇಕು. ಲ್ಯಾಪ್‌ಟಾಪ್ ತಗ್ಗಾಯಿತೆಂದು ನನ್ನ ಎರಡು ದಪ್ಪ ನಿಘಂಟುಗಳನ್ನು ಅದರಡಿಗೆ ಇಟ್ಟು, ಬೇರೆ ಕೀಲಿಮಣೆ ಜೋಡಿಸಿದೆವು. ನಿವೃತ್ತಿಯಾದ ಮೇಲೆ ಆ ನಿಘಂಟುಗಳಿಗೆ ಸಿಕ್ಕ ಮೊದಲ ಕೆಲಸ! ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಸೆಕೆಂಡು, ಇಪ್ಪತ್ತು ಅಡಿ ಆಚೆ ನೋಡಿದರೆ ಕಣ್ಣಿಗೆ ಆರಾಮವಂತೆ. ಅದಕ್ಕೆ ಕಿಟಕಿಯಾಚೆಯ ತೆಂಗಿನ ಮರವಿದೆ.

"ಕರೆಂಟು ಬಿಲ್ಲು?" ಎಂದರು ನಮ್ಮವರು. ಇಂದಿನ 24 ಇಂಚಿನ ಸಾಧಾರಣ ಎಲ್‌ಇಡಿ ಮಾನಿಟರು ಹಳೆಯ 40 ವ್ಯಾಟಿನ ಬಲ್ಬಿಗಿಂತ ಕಡಿಮೆ ಕರೆಂಟಿನಲ್ಲಿ ಉರಿಯುತ್ತದೆ ಎಂದು ಸೊಸೆ ಲೆಕ್ಕ ಕೊಟ್ಟಳು. ಲೆಕ್ಕದಲ್ಲಿ ಅವಳನ್ನು ಸೋಲಿಸುವುದುಂಟೆ?

ಒಂದೇ ವಾರದಲ್ಲಿ ಮಗ ಗೊಣಗತೊಡಗಿದ. ಆ ಪುಟ ಈ ಪುಟ ತಿರುವಿ ಸಾಕಾಯಿತಂತೆ. "ಈಗ ಗೊತ್ತಾಯ್ತೇನಪ್ಪ?" ಎಂದೆ. ನಕ್ಕು ತಲೆ ತಗ್ಗಿಸಿದ. ಮೂರನೆಯ ಮಾನಿಟರನ್ನು ನನ್ನ ಪಿಂಚಣಿ ದುಡ್ಡಿನಲ್ಲಿ ಕೊಂಡೆ. ಹೊಸದು ಸೊಸೆಗೆ, ಬಿಲ್ಲೂ ಅವಳ ಹೆಸರಿಗೇ. ಹಳೆಯದು ಮಗನ ಕೋಣೆಗೆ ಹಿಂತಿರುಗಿತು.

ನನ್ನ ತವರಿನ ಮಣ್ಣಿನ ಒಲೆಗೆ ಪಕ್ಕದಲ್ಲೊಂದು ಕೋಡೊಲೆಯಿತ್ತು. ಒಂದೇ ಬೆಂಕಿ, ದೊಡ್ಡ ಒಲೆಯಲ್ಲಿ ಅನ್ನ, ಕೋಡೊಲೆಯಲ್ಲಿ ಸಾರು. ಎರಡನೆಯ ಪರದೆಯೂ ಅಷ್ಟೇ. ಯಂತ್ರ ಒಂದೇ, ಬೇಯುವುದು ಎರಡು. ಕೋಡೊಲೆಯ ಹಾಲು ಮರೆತರೆ ಉಕ್ಕುವುದೂ ಉಂಟು. ಮಗನ ಎರಡನೆಯ ಪರದೆಯಲ್ಲಿ ಆಗಾಗ ಕ್ರಿಕೆಟ್ ನಡೆಯುತ್ತಿರುತ್ತದೆ!

ಸೊಸೆ ಈಗ ರಾತ್ರಿ ಎಂಟಕ್ಕೆ ಕೆಲಸ ಮುಗಿಸುತ್ತಾಳೆ. ಎರಡೂ ಪರದೆ ಆರಿಸಿ, ಮೇಜಿನ ಒಂದು ಮೂಲೆ ಒರೆಸಿ, "ಬನ್ನಿ ಅತ್ತೆ, ಜಾಗ ಆಯ್ತು" ಎನ್ನುತ್ತಾಳೆ. ಮೂವತ್ತು ವರ್ಷ ಒರೆಸಿದ್ದ ಆ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು ನಾನು ಬರೆದ ಮೊದಲ ಬರಹ ಇದು.