ತಂತಿಯ ನಡುವೆ ಒಂದು ಸ್ಕ್ರೂ

ಪಿಯಾನೋ ತಂತಿಗಳ ನಡುವೆ ಸ್ಕ್ರೂ ಸಿಕ್ಕಿಸಿದ ಸಂಗೀತಗಾರನೊಬ್ಬನಿದ್ದ ಎಂದರೆ ನನ್ನ ತರಗತಿಯ ಮಕ್ಕಳು ಗೊಳ್ಳೆಂದು ನಗುತ್ತಾರೆ. ಅಮೆರಿಕದ ಜಾನ್ ಕೇಜ್ ಮಾಡಿದ್ದು ಅದನ್ನೇ. 1940ರಲ್ಲಿ ಸಿಯಾಟಲ್‌ನಲ್ಲಿ ಒಂದು ನೃತ್ಯಕ್ಕೆ ತಾಳವಾದ್ಯಗಳು ಬೇಕಿದ್ದವು. ಅಲ್ಲಿದ್ದ ಜಾಗ ಒಂದು ಪಿಯಾನೋಗಷ್ಟೇ. ತಂತಿಗಳ ಮೇಲೆ ತಟ್ಟೆ ಇಟ್ಟ, ಕುಣಿಯಿತು. ಮೊಳೆ ಇಟ್ಟ, ಜಾರಿತು. ಸ್ಕ್ರೂ ಮಾತ್ರ ಕಚ್ಚಿ ನಿಂತಿತು. ಒಂದು ಮನೆ ಒತ್ತಿದರೆ ಗಂಟೆಯ ದನಿ, ಇನ್ನೊಂದಕ್ಕೆ ಡೋಲಿನ ಸದ್ದು! (ಅವನಪ್ಪ ಹೊಸ ಯಂತ್ರಗಳನ್ನು ಕಂಡುಹಿಡಿಯುವವನಾಗಿದ್ದ. ರಕ್ತಗುಣ ಎನ್ನೋಣವೇ?)

1946ರಿಂದ 48ರವರೆಗೆ ಕೂತು ಅವನು 'ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್' ಬರೆದ. ಆ ದಿನಗಳಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ಅವರಿಂದ ನಮ್ಮ ಸಂಗೀತದ ವಿಚಾರ ಕಲಿತಿದ್ದ. ನವರಸಗಳಿಗೆ ತನ್ನ ಪಿಯಾನೋದಲ್ಲಿ ರೂಪ ಕೊಡಲು ಹೊರಟ. ಯಾವ ತಂತಿಗೆ ಬೋಲ್ಟು, ಎಲ್ಲಿಗೆ ರಬ್ಬರು, ಡ್ಯಾಂಪರಿನಿಂದ ಎಷ್ಟು ಅಂಗುಲ ದೂರ ಎಂದು 45 ಸ್ವರಗಳಿಗೆ ಪಟ್ಟಿ ಬರೆದಿಟ್ಟ. 1949ರ ಜನವರಿಯಲ್ಲಿ ಮಾರೊ ಅಜೆಮಿಯನ್ ಎಂಬಾಕೆ ನ್ಯೂಯಾರ್ಕಿನಲ್ಲಿ ಅದನ್ನು ನುಡಿಸಿದಳು. ಆಮೇಲೆ ಎಷ್ಟೋ ಜನ ನುಡಿಸಿದರು.

ಆದರೆ ಪಿಯಾನೋ ಬದಲಾದರೆ ತಂತಿಯ ಉದ್ದ ಬದಲಾಗುತ್ತದೆ. ಅಂಗುಲ ಅಷ್ಟೇ ಇದ್ದರೂ ಸ್ಕ್ರೂ ಕೂರುವುದು ತಂತಿಯ ಬೇರೆಯೇ ಬಿಂದುವಿನಲ್ಲಿ. ಸೋನೋಮೀಟರ್ ಮುಟ್ಟಿದ ಯಾವ ವಿದ್ಯಾರ್ಥಿಗೂ ಇದು ಗೊತ್ತು: ಬೆರಳು ತುಸು ಸರಿದರೆ ದನಿಯೇ ಬೇರೆ. ಇನ್ನು ನುಡಿಸುವವರ ಕೈ! ಸ್ವರಗಳನ್ನು ತನ್ನ ಸ್ವತ್ತು ಮಾಡಿಕೊಳ್ಳಲು, ಬೇಕೆಂದಾಗ ಹಾಗೇ ಮರಳಿ ಪಡೆಯಲು ಈ ಸಾಹಸಕ್ಕೆ ಇಳಿದವನು ಕೇಜ್. ಕೃತಿ ಮನೆ ಬಿಟ್ಟು ಹೊರಟ ಮೇಲೆ ಅದಾಗುವುದಿಲ್ಲವೆಂದು ಅವನಿಗೆ ತಿಳಿಯಿತು. ಹಾಗೆಂದು ಅವನೇ ಮುಂದೆ ಬರೆದ, ದೂರಿನ ದನಿಯಲ್ಲಲ್ಲ.

ಅದನ್ನೋದಿ ನನಗೆ ನಾಚಿಕೆಯಾಯಿತು. ಕಳೆದ ತಿಂಗಳು ನನ್ನ ಹಳೆಯ ಶಿಷ್ಯೆಯೊಬ್ಬಳು, ಈಗ ಅವಳೂ ಟೀಚರು, 'ಸಾರ್, ನಿಮ್ಮದೇ ಪಾಠ, ಬನ್ನಿ' ಎಂದು ಕರೆದಿದ್ದಳು. ಹಿಂದಿನ ಬೆಂಚಿನಲ್ಲಿ ಕೂತೆ. ಕಂಪಿಸುವ ತಂತಿಯ ಪಾಠ. ಇಪ್ಪತ್ತು ವರ್ಷ ತಿದ್ದಿ ತೀಡಿದ ನನ್ನ ನೋಟ್ಸು. ಅವಳು ಸೋನೋಮೀಟರ್ ಪಕ್ಕಕ್ಕಿಟ್ಟು ಅಜ್ಜಿಯ ತಂಬೂರಿ ತೆಗೆದಳು! ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿ, 'ಈಗ ಕೇಳಿ' ಎಂದಳು. ಮಕ್ಕಳು ಉಸಿರು ಹಿಡಿದು ಕೇಳಿದರು. ನಾನು? ಬಿಟ್ಟುಹೋದ ಅಂಶಗಳನ್ನು ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಏಳು.

'ಹೇಗಿತ್ತು ಸಾರ್?' ಎಂದಾಗ ಆ ಏಳನ್ನೂ ಓದಿ ಹೇಳಿದೆ. ಅವಳು 'ಸರಿ ಸಾರ್' ಎಂದು ತಂಬೂರಿಗೆ ಗವಸು ತೊಡಿಸತೊಡಗಿದಳು.

ನಿನ್ನೆ ಅವಳಿಗೆ ಫೋನು ಮಾಡಿದೆ. ಬರುವ ಗುರುವಾರ ಬೆಳಕಿನ ಪಾಠವಂತೆ. ಬರಲೇ ಎಂದು ಕೇಳಿದೆ. ಒಂದು ಕ್ಷಣ ತಡೆದು, 'ಡೈರಿ ತರ್ತೀರಾ ಸಾರ್?' ಎಂದಳು.